ಮನೆ ಪ್ರಾರ್ಥನೆಗೆ ಬಿ.ಪಿ. ಯಂತ್ರ ಒಯ್ದದ್ದು: ಬೀದರದ ಸಭೆಯೊಂದರಲ್ಲಿ ನನ್ನ ಅನುಭವ

ನಮ್ಮ ಕ್ರೈಸ್ತ ಸಭೆಯ ಆರೋಗ್ಯ ಸೇವೆಯನ್ನು ಚರ್ಚಿನ ವರಾಂಡದಿಂದ ಎತ್ತಿ ಮನೆ ಪ್ರಾರ್ಥನೆಗಳಿಗೆ ಒಯ್ಯುತ್ತೇನೆ ಎಂದು ನರ್ಸ್ ಆದ ನಾನು ಹೇಳಿದಾಗ ನಮ್ಮ ಕಮಿಟಿಯಲ್ಲಿ ಒಬ್ಬರೂ ಒಪ್ಪಿರಲಿಲ್ಲ. ಊರಿನಲ್ಲಿ ಸರಕಾರಿ ಆಸ್ಪತ್ರೆ ಇದೆ, ಬಾಗಿಲಿಗೆ ಆಶಾ ಕಾರ್ಯಕರ್ತೆ ಬರುತ್ತಾಳೆ, ಇವೆರಡರ ಮೇಲೆ ಸಭೆಗೊಬ್ಬ ನರ್ಸ್ ಏಕೆ ಎಂಬುದು ಅವರ ವಾದವಾಗಿತ್ತು. ಈಗ ಸುತ್ತಲಿನ ಮೂರ್ನಾಲ್ಕು ಸಭೆಗಳಿಂದ ‘ನೀವು ಹೇಗೆ ನಡೆಸುತ್ತೀರಿ’ ಎಂದು ಕೇಳಿಕೊಂಡು ಬರುತ್ತಿದ್ದಾರೆ. ಈ ಬರಹ ಅಂಥವರಿಗಾಗಿ.

1984ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಲೂಥರನ್ ಪಾದ್ರಿ ಗ್ರೇಂಜರ್ ವೆಸ್ಟ್‌ಬರ್ಗ್ ಸಭೆಗೊಬ್ಬ ನರ್ಸ್ ಇರುವ ಈ ಪದ್ಧತಿಯನ್ನು ಆರಂಭಿಸಿದಾಗ ಅವರ ಬೆನ್ನಿಗೆ ಒಂದು ದೊಡ್ಡ ಆಸ್ಪತ್ರೆಯಿತ್ತು. ನನ್ನ ಬೆನ್ನಿಗಿದ್ದದ್ದು ನನ್ನ ಪಿಂಚಣಿ ಮಾತ್ರ. ಎರಡು ಬಿ.ಪಿ. ಯಂತ್ರ, ರಕ್ತದ ಸಕ್ಕರೆ ನೋಡುವ ಒಂದು ಗ್ಲುಕೋಮೀಟರ್, ಅದರ ಪಟ್ಟಿಗಳು, ಸೆಲ್ಲುಗಳು, ರಿಜಿಸ್ಟರು ಎಲ್ಲ ಸೇರಿ ಮೊದಲ ವರ್ಷ ಎಂಟು ಸಾವಿರದ ಆಸುಪಾಸು ಕೈಯಿಂದ ಹೋಯಿತು. ಯಂತ್ರ ಒಮ್ಮೆ ಕೊಂಡರೆ ಮುಗಿಯಿತು, ಆದರೆ ಸಕ್ಕರೆ ನೋಡುವ ಪಟ್ಟಿಯ ಖರ್ಚು ಮುಗಿಯುವುದೇ ಇಲ್ಲ. ಡಬ್ಬಿ ತೆರೆದ ಮೇಲೆ ಅದರ ಆಯುಸ್ಸೂ ಕಡಿಮೆ, ನಮ್ಮ ಭಾಗದ ಏಪ್ರಿಲ್-ಮೇ ತಿಂಗಳ ಬಿಸಿಲಿನಲ್ಲಿ ಅದನ್ನು ಕಾಪಾಡುವುದೇ ಒಂದು ಕೆಲಸ.

ವರಾಂಡದ ಪ್ರಯೋಗ ಸುಮಾರು ಒಂದು ವರ್ಷ ನಡೆದು ಸತ್ತುಹೋಯಿತು. ಭಾನುವಾರ ಆರಾಧನೆ ಮುಗಿಯುವ ಹೊತ್ತಿಗೆ ಹೆಣ್ಣುಮಕ್ಕಳಿಗೆ ಅಡುಗೆಯ ಅವಸರ. ಗಂಡಸರು ಹೊರಗೆ ಹೋಗಿ ತಂಬಾಕು ಹಾಕಿಕೊಂಡು ಬಂದು ಕೈ ಚಾಚುತ್ತಿದ್ದರು, ಹಾಗಾಗಿ ಬಂದ ಅಂಕಿಗಳಲ್ಲಿ ಅರ್ಧದಷ್ಟನ್ನು ನಾನೇ ನಂಬುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಗುಟ್ಟಿನ ವಿಷಯದಲ್ಲಿ. ಮೇಜಿನ ಸುತ್ತ ನಿಂತವರೆಲ್ಲ ಯಂತ್ರದ ಅಂಕಿಯನ್ನು ಓದುತ್ತಿದ್ದರು, ಒಬ್ಬರ ಸಕ್ಕರೆ ಕಾಯಿಲೆ ಮುಂದಿನ ವಾರದ ಪ್ರಾರ್ಥನಾ ವಿನಂತಿಯಲ್ಲಿ ಹೆಸರು ಸಮೇತ ಓದಲ್ಪಟ್ಟಿತು, ಆ ಮನೆಯಲ್ಲಿ ಮಗಳ ಮದುವೆಯ ಮಾತು ನಡೆಯುತ್ತಿತ್ತು. ಅಲ್ಲಿಂದ ಮುಂದೆ ಮೇಜಿಗೆ ಬಂದವರು ಎಂಟು ಹತ್ತು ಜನ ಮುದುಕರು ಮಾತ್ರ, ಅವರೂ ಬಹುಪಾಲು ಮಾತಾಡಲಿಕ್ಕೆ ಬರುತ್ತಿದ್ದರು.

ಮನೆ ಪ್ರಾರ್ಥನೆಯ ಲೆಕ್ಕ ಬೇರೆ. ವಾರಕ್ಕೊಂದು ಮನೆ, ಸಂಜೆ ಏಳರ ನಂತರ, ಹದಿನೈದು ಇಪ್ಪತ್ತು ಜನ. ಹಾಡು, ವಾಕ್ಯ, ಪ್ರಾರ್ಥನೆ ಮುಗಿಯುವ ಹೊತ್ತಿಗೆ ಎಲ್ಲರೂ ಅರ್ಧ ಗಂಟೆಯಿಂದ ಕುಳಿತೇ ಇರುತ್ತಾರೆ, ಅಷ್ಟು ವಿಶ್ರಾಂತಿ ಯಾವ ಹೊರರೋಗಿ ವಿಭಾಗದಲ್ಲಿಯೂ ಸಿಗುವುದಿಲ್ಲ. ಚಹಾ ಬರುವ ಮೊದಲು ಒಳಕೋಣೆಯಲ್ಲಿ ಒಬ್ಬೊಬ್ಬರನ್ನೇ ನೋಡಿ ಮುಗಿಸಬೇಕು. ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿದವರ ಕೈಗೆ ಅಲ್ಲಿಯೇ ಬಿ.ಪಿ. ಯಂತ್ರದ ಪಟ್ಟಿ ಕಟ್ಟಬಾರದು. ಪಕ್ಕದ ಮನೆಯಿಂದಲಾದರೂ ಬೆನ್ನಿಗೆ ಒರಗುವ ಕುರ್ಚಿಯೊಂದನ್ನು ತರಿಸಿ, ಪಾದ ನೆಲಕ್ಕೂರಿಸಿ, ಎರಡು ಸಲ ನೋಡಿ, ಎರಡನ್ನೂ ಬರೆಯುತ್ತೇನೆ. ರಿಜಿಸ್ಟರು ನನ್ನ ಮನೆಯ ಬೀರುವಿನಲ್ಲಿರುತ್ತದೆ. ನಮ್ಮ ಸಭೆಯ ಪಾದ್ರಿಗಳಾದ ಅಯ್ಯನವರು ಕೇಳಿದಾಗಲೂ ತೋರಿಸಲಿಲ್ಲ, ಅವರಿಗೆ ಸ್ವಲ್ಪ ಬೇಸರವೂ ಆಯಿತು, ಆದರೆ ಆ ಸುದ್ದಿ ಹರಡಿದ ಮೇಲೆಯೇ ಜನ ನಿಜವಾಗಿ ಬಾಯಿಬಿಡತೊಡಗಿದರು.

ಮನೆಗೆ ಹೋದರೆ ಯಂತ್ರ ತೋರಿಸದ್ದು ಕಣ್ಣಿಗೆ ಕಾಣುತ್ತದೆ. ಒಬ್ಬ ತಾಯಿಯ ರಕ್ತದೊತ್ತಡದ ಮೇಲಿನ ಅಂಕಿ ಯಾವಾಗ ನೋಡಿದರೂ 170ರ ಮೇಲೆ. ಆಸ್ಪತ್ರೆಯಿಂದ ತಂದ ಮಾತ್ರೆಗಳನ್ನು ಗಂಡ ಹೆಂಡತಿ ಇಬ್ಬರೂ ದಿನ ಬಿಟ್ಟು ದಿನ ಹಂಚಿಕೊಳ್ಳುತ್ತಿದ್ದದ್ದು ಗೂಡಿನಲ್ಲಿದ್ದ ಒಂದೇ ಮಾತ್ರೆಯ ಎಲೆಯಿಂದ (ಸ್ಟ್ರಿಪ್) ಗೊತ್ತಾಯಿತು. ಗಂಡನ ಹೆಸರಿನಲ್ಲಿ ಬೇರೆ ಚೀಟಿ ಮಾಡಿಸಿದೆವು, ಅಷ್ಟೇ. ಇನ್ನೊಬ್ಬರು ನನ್ನ ಮುಖ ನೋಡಿ, “ಸಿಸ್ಟರಮ್ಮ, ಪ್ರಾರ್ಥನಾ ಮಾಡಿಸ್ಕೊಂಡ ಮ್ಯಾಲೂ ಗುಳಿಗಿ ನುಂಗಿದ್ರ ನಂಬಿಕಿ ಇಲ್ಲಂದಂಗ ಆಗ್ತದಲ್ಲ?” ಎಂದು ಕೇಳಿದರು. ಇದಕ್ಕೆ ನರ್ಸ್ ಕೊಡುವ ಉತ್ತರ ನಡೆಯುವುದಿಲ್ಲ. ಅಯ್ಯನವರನ್ನೇ ಕರೆದುಕೊಂಡು ಹೋದೆ. ಅವರು ಯಾಕೋಬನ ಪತ್ರಿಕೆಯ ಐದನೆಯ ಅಧ್ಯಾಯ ತೆರೆದು, ಹಿರಿಯರು ಪ್ರಾರ್ಥಿಸುವಾಗ ಎಣ್ಣೆಯನ್ನೂ ಹಚ್ಚಲಿ ಎಂದಿರುವುದನ್ನು ಓದಿ, ಗುಳಿಗೆಯ ಎಲೆಯನ್ನು ಅವರ ಕೈಯಲ್ಲಿಟ್ಟು ಪ್ರಾರ್ಥಿಸಿದರು. ಅಂದಿನಿಂದ ಅವರು ಗುಳಿಗೆ ಬಿಟ್ಟಿಲ್ಲ. ನಾನು ಔಷಧಿ ಬರೆಯುವುದಿಲ್ಲ, ಬದಲಿಸುವುದೂ ಇಲ್ಲ. ಚೀಟಿ ವೈದ್ಯರದ್ದೇ ಆಗಿರಬೇಕು.

ಈಸ್ಟರಿಗೆ ಮುಂಚಿನ ನಲವತ್ತು ದಿನಗಳ ಉಪವಾಸ ನಮ್ಮ ದೊಡ್ಡ ತಲೆನೋವಾಗಿತ್ತು. ಸಕ್ಕರೆ ಇಳಿಸುವ ಗ್ಲಿಮೆಪಿರೈಡ್ ಮಾತ್ರೆ ನುಂಗಿ ಸಂಜೆಯವರೆಗೆ ಏನೂ ತಿನ್ನದೆ ಕುಳಿತವರ ಸಕ್ಕರೆ 70ಕ್ಕಿಂತ ಕೆಳಗಿಳಿದು ಬೆವರಿ ಕುಸಿದದ್ದನ್ನು ಕೆಲವರು ಆತ್ಮದ ಕಾರ್ಯವೆಂದೇ ತಿಳಿದಿದ್ದರು. ಬೀದರದಂಥ ಊರಿನಲ್ಲಿ ಇದಕ್ಕೆ ಪರಿಹಾರ ಕೈಯಳತೆಯಲ್ಲಿಯೇ ಇತ್ತು: ಇಲ್ಲಿಯ ವೈದ್ಯರಿಗೆ ರಂಜಾನಿನ ರೋಜಾ ಹಿಡಿಯುವವರ ಮಾತ್ರೆಯ ಹೊತ್ತನ್ನೂ ಪ್ರಮಾಣವನ್ನೂ ಬದಲಿಸಿ ಕೊಡುವ ರೂಢಿ ಹಳೆಯದು. ಅಂಥ ಒಬ್ಬರ ಬಳಿಗೆ ನಮ್ಮವರನ್ನೂ ಉಪವಾಸಕ್ಕೆ ಎರಡು ವಾರ ಮೊದಲೇ ಕಳುಹಿಸಿದೆ. ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ಆ ವೈದ್ಯರು ಉಪವಾಸವೇ ಬೇಡವೆಂದರು. ಆ ಮೂವರು ಊಟದ ಬದಲು ಟಿ.ವಿ. ಬಿಟ್ಟರು, ಅದೇ ಕಷ್ಟವಾಯಿತಂತೆ.

ನಡುವೆ ಉಪ್ಪಿನ ಹುಚ್ಚೂ ಹಿಡಿಯಿತು. ಒಬ್ಬರಿಗೆ ದಿನಕ್ಕೆ 5 ಗ್ರಾಂ ಮೀರಬಾರದು ಎನ್ನುವುದನ್ನು ಅಡುಗೆಮನೆಯಲ್ಲಿ ಯಾರೂ ಅಳೆಯುವುದಿಲ್ಲ. ಹಾಗಾಗಿ ಉಪ್ಪಿನ ಪೊಟ್ಟಣ ಒಡೆದ ದಿನವನ್ನು ಅದರ ಮೇಲೆಯೇ ಬರೆಯಿರಿ ಎಂದೆ: ಐದು ಜನರ ಮನೆಗೆ ಒಂದು ಕಿಲೋ ಉಪ್ಪು 40 ದಿನ ಬರಬೇಕು. ಹೆಚ್ಚಿನ ಮನೆಗಳಲ್ಲಿ ಹದಿನೆಂಟು ಇಪ್ಪತ್ತು ದಿನಕ್ಕೆ ಮುಗಿಯುತ್ತಿತ್ತು. ಎಮ್ಮೆಗೆ ಹಾಕುವ ಉಪ್ಪನ್ನು ಬೇರೆ ಇಡಿಸಿದ ಮೇಲೆಯೂ ಲೆಕ್ಕ ಹೆಚ್ಚೇನೂ ಬದಲಾಗಲಿಲ್ಲ. ಉಪ್ಪಿನಕಾಯಿ, ಹಪ್ಪಳ ಇದರ ಹೊರಗಿನವು. ಕೆಲವು ಮನೆಗಳಲ್ಲಿ ಈಗ ತಿಂಗಳು ದಾಟುತ್ತದೆ, ಆದರೆ ಶೇಂಗಾ ಚಟ್ನಿಯ ಮುಂದೆ ನಾನು ಸೋತಿದ್ದೇನೆ.

ಹಣ ಬಂದದ್ದು ಸುಗ್ಗಿ ಕಾಣಿಕೆಯೆಂದು ಜನ ಚರ್ಚಿಗೆ ತಂದುಕೊಡುವ ವಸ್ತುಗಳ ಹರಾಜಿನಿಂದ. ಒಂದು ಕುಂಬಳಕಾಯಿ ಸಾವಿರ ರೂಪಾಯಿ ದಾಟುವ ಸವಾಲಿನಲ್ಲಿ ಎರಡು ಮೂರು ವಸ್ತುಗಳನ್ನು ಆರೋಗ್ಯ ನಿಧಿಗೆಂದೇ ಮೀಸಲಿಡಲು ಖಜಾಂಚಿಯವರನ್ನು ಒಪ್ಪಿಸಿದೆ. ಹೇಗೆ ಒಪ್ಪಿಸಿದೆ ಎಂಬುದನ್ನು ಬರೆಯುವುದಿಲ್ಲ, ಅವರೂ ಇದನ್ನು ಓದುತ್ತಾರೆ. ವರ್ಷಕ್ಕೆ ಆರೇಳು ಸಾವಿರ ಬರುತ್ತದೆ, ಪಟ್ಟಿಗಳ ಖರ್ಚು ನೀಗುತ್ತದೆ. ರಕ್ತದೊತ್ತಡ 140/90 ಮೀರಿದ ಅರವತ್ತರಷ್ಟು ಜನರಲ್ಲಿ ಮೊದಲು ಬಿಡದೆ ಗುಳಿಗೆ ನುಂಗುತ್ತಿದ್ದವರು ಹದಿನೈದು ಇದ್ದರೋ ಇಲ್ಲವೋ, ಈಗ ನಲವತ್ತರ ಮೇಲಿದ್ದಾರೆ. ಗಂಡಸರಿಂದ ಖಾಲಿ ಎಲೆಗಳನ್ನು ತರಿಸಿ ಎಣಿಸುವುದಕ್ಕೆ ನನ್ನದೊಂದು ಉಪಾಯವಿದೆ; ಬಂದು ನೋಡಿದವರಿಗೆ ತೋರಿಸುತ್ತೇನೆ.

ಕಟ್ಟಡ ಕೆಲಸಕ್ಕೆಂದು ಹೈದರಾಬಾದಿಗೆ ಹೋಗುವ ಕುಟುಂಬಗಳು ಇನ್ನೂ ಕೈ ತಪ್ಪುತ್ತಿವೆ. ಮಾತ್ರೆಯ ಹೆಸರನ್ನು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಬರೆದ ಕಾರ್ಡೊಂದನ್ನು ಕೊಟ್ಟು, ಹೊರಡುವ ಮೊದಲೇ ತಿಂಗಳ ಮಾತ್ರೆ ಕಟ್ಟಿಸಿ ಕಳುಹಿಸುತ್ತಿದ್ದೇನೆ. ಹೋದ ಸಲ ಹಾಗೆ ಹೋದವರಲ್ಲಿ ಅರ್ಧ ಜನ ಕಾರ್ಡನ್ನು ಕಳೆದುಕೊಂಡು ಬಂದರು, ಆದ್ದರಿಂದ ಈ ಸಲ ಅದರ ಫೋಟೊವನ್ನು ಮನೆಯ ಹುಡುಗರ ಮೊಬೈಲಿನಲ್ಲಿ ತೆಗೆಸಿದ್ದೇನೆ.