ಕೆರೆ ಮೇಲಿನ ಮಂಜು, ನಮ್ಮ ಬೆಳಕಿನ ಲಿಂಕು

ನಮ್ಮ ಮನೆ ಇರುವುದು ಚಿಕ್ಕಬಳ್ಳಾಪುರದ ಪಕ್ಕದ ಒಂದು ಹಳ್ಳಿಯಲ್ಲಿ. ಮನೆಯ ಪಶ್ಚಿಮಕ್ಕೆ ಕೆರೆ. ಕೆರೆಯ ಆಚೆ ದಡದಲ್ಲಿ ತಮ್ಮನ ದ್ರಾಕ್ಷಿ ತೋಟ. ಅದರ ಹಿಂದೆ ದೂರದಲ್ಲಿ ಸ್ಕಂದಗಿರಿ. ಮನೆ ತಾರಸಿಯಿಂದ ತೋಟದ ಶೆಡ್ಡಿಗೆ ನೇರವಾಗಿ ಅಳೆದರೆ 420 ಮೀಟರ್. ಕೆರೆ ಏರಿ ಸುತ್ತಿಕೊಂಡು ಹೋದರೆ ಒಂದೂವರೆ ಕಿಲೋಮೀಟರ್. ಮನೆಗೆ ಫೈಬರ್ ಇಂಟರ್ನೆಟ್ ಬಂದಿದೆ. ಶೆಡ್ಡಿನ ಹತ್ತಿರ ಮೊಬೈಲ್‌ನಲ್ಲಿ ಮಾತು ಹೇಗೋ ನಡೆಯುತ್ತೆ, ನೆಟ್ ಮಾತ್ರ ಬರುವುದಿಲ್ಲ. ತಮ್ಮನಿಗೆ ಅಲ್ಲಿ ಎರಡು ಕ್ಯಾಮೆರಾ ಬೇಕಿತ್ತು. ಹಣ್ಣು ಬಿಡುವ ಕಾಲದಲ್ಲಿ ರಾತ್ರಿ ಕಾವಲಿಗೆ.

ನಾನು ಒಂದು ಪಾಲಿಟೆಕ್ನಿಕ್‌ನ ಎಲೆಕ್ಟ್ರಾನಿಕ್ಸ್ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ವರ್ಷಗಟ್ಟಲೆ ಮಕ್ಕಳಿಗೆ ಟೇಬಲ್ ಮೇಲೆ ಎಲ್‌ಇಡಿ ಇಟ್ಟು, ಎದುರಿಗೆ ಬೆಳಕನ್ನು ಕರೆಂಟಾಗಿ ಬದಲಿಸುವ ಫೋಟೋಡಯೋಡ್ ಇಟ್ಟು, ಬೆಳಕಿನಲ್ಲಿ ಮಾಹಿತಿ ಕಳಿಸುವ ಪ್ರಯೋಗ ಮಾಡಿಸಿದ್ದೇನೆ. ಟೇಬಲ್ ಮೇಲೆ ಅದು ಯಾವತ್ತೂ ಕೆಲಸ ಮಾಡುತ್ತೆ. ಅಲ್ಲಿ ಬಿಸಿಲಿಲ್ಲ, ಮಂಜಿಲ್ಲ, ಗಾಳಿಯಿಲ್ಲ. ಅದನ್ನೇ ಕೆರೆ ದಾಟಿಸಿ ನೋಡಬೇಕು ಅನ್ನುವ ಆಸೆ ನನಗೆ ಬಹಳ ದಿನದಿಂದ ಇತ್ತು.

ಆಸೆ ಹೊಸದೇನಲ್ಲ. ಗ್ರಹಾಂ ಬೆಲ್ 1880ರಲ್ಲೇ ಕನ್ನಡಿಯ ಮೇಲೆ ಬಿಸಿಲು ಬೀಳಿಸಿ, ಆ ಬೆಳಕಿನಲ್ಲಿ ಮಾತನ್ನು 213 ಮೀಟರ್ ದೂರ ಕಳಿಸಿದ್ದರು. ನಾನು ಹಿಡಿದದ್ದು ರೊಂಜಾ ಅನ್ನುವ ವಿನ್ಯಾಸ. ಝೆಕ್ ದೇಶದವರು ಮಾಡಿ, ಯಾರು ಬೇಕಾದರೂ ಕಟ್ಟಿಕೊಳ್ಳಲಿ ಅಂತ ಬಿಟ್ಟುಕೊಟ್ಟದ್ದು. ಕೆಂಪು ಎಲ್‌ಇಡಿ, 130 ಮಿಲಿಮೀಟರ್ ಅಗಲದ ಭೂತಗನ್ನಡಿ, ತಗಡಿನ ಕೊಳವೆ. ಸೆಕೆಂಡಿಗೆ 10 ಮೆಗಾಬಿಟ್, ಗಾಳಿ ತಿಳಿಯಾಗಿದ್ದರೆ 1.4 ಕಿಲೋಮೀಟರ್ ತನಕ. ಒಂದೊಂದು ಕಡೆಗೆ ಎರಡು ಕೊಳವೆ, ಒಂದು ಕಳಿಸಲು, ಒಂದು ಪಡೆಯಲು. ಕೊಳವೆಗಳನ್ನು ಊರಿನ ತಗಡಿನ ಅಂಗಡಿಯಲ್ಲಿ ಮಾಡಿಸಿದೆ. ಬೋರ್ಡುಗಳ ಬೆಸುಗೆಗೆ ನಾಲ್ಕು ತಿಂಗಳ ಸಂಜೆಗಳು ಹೋದವು.

ಗುರಿ ಹಿಡಿದದ್ದು ರಾತ್ರಿ. ಆಚೆ ದಡದಲ್ಲಿ ತಮ್ಮ ಬಿಳಿ ಪಂಚೆ ಅಗಲಿಸಿ ಹಿಡಿದು ನಿಂತ. ನಾನು ಈಚೆಯಿಂದ ಕೊಳವೆಯ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋದೆ. "ಅಣ್ಣ, ಬಂತು, ಬಂತು! ಪಂಚೆ ಕೆಂಪಗಾಯ್ತು!" ಅಂತ ಫೋನಿನಲ್ಲಿ ಅವನು ಕೂಗಿದ್ದು ಇನ್ನೂ ಕಿವಿಯಲ್ಲಿದೆ. ಅಲ್ಲಿ ಬೆಳಕು ಸುಮಾರು ಮುಕ್ಕಾಲು ಮೀಟರ್ ಅಗಲಕ್ಕೆ ಹರಡಿತ್ತು. ಅಂದರೆ ಕೊಳವೆ ಒಂದು ಡಿಗ್ರಿಯ ಇಪ್ಪತ್ತರಲ್ಲಿ ಒಂದು ಭಾಗ ಅಲುಗಿದರೂ ಬೆಳಕು ಲೆನ್ಸ್ ಬಿಟ್ಟು ಪಕ್ಕಕ್ಕೆ ಹೋಗುತ್ತೆ. ಇದರ ಕಷ್ಟ ಆಮೇಲೆ ಹೇಳುತ್ತೇನೆ.

ಲಿಂಕ್ ಬಂದ ಮಾರನೇ ದಿನವೇ ಮಾಡಿದ ಒಂದು ಕೆಲಸ ನನಗೆ ಬಹಳ ಉಪಯೋಗಕ್ಕೆ ಬಂತು. ಕೈಯಲ್ಲಿ ಎಷ್ಟು ಬೆಳಕು ಉಳಿತಾಯ ಇದೆ, ಅಂದರೆ ಎಷ್ಟು ಬೆಳಕು ಕಳೆದರೂ ಲಿಂಕ್ ನಿಲ್ಲುತ್ತೆ ಅಂತ ಅಳೆದೆ. ಕಪ್ಪು ರಟ್ಟಿನಲ್ಲಿ ಬೇರೆ ಬೇರೆ ಅಳತೆಯ ತೂತು ಕತ್ತರಿಸಿ, ಪಡೆಯುವ ಲೆನ್ಸಿಗೆ ಮುಚ್ಚುತ್ತಾ ಬಂದೆ. ಬೆಳಕಿನ ನಷ್ಟವನ್ನು ಡೆಸಿಬಲ್‌ನಲ್ಲಿ ಎಣಿಸುತ್ತಾರೆ. ಲೆನ್ಸಿನ ಅರ್ಧ ಜಾಗ ಮುಚ್ಚಿದರೆ ಬೆಳಕು ಅರ್ಧ, ಅಂದರೆ 3 ಡೆಸಿಬಲ್ ನಷ್ಟ; ಮತ್ತೆ ಅರ್ಧವಾದರೆ ಇನ್ನೊಂದು 3. ತೂತು 16 ಮಿಲಿಮೀಟರಿಗೆ ಇಳಿಯುವ ತನಕ ಲಿಂಕ್ ಬದುಕಿತ್ತು, ಅದಕ್ಕಿಂತ ಚಿಕ್ಕದಾದಾಗ ಸತ್ತಿತು. ಜಾಗದ ಲೆಕ್ಕದಲ್ಲಿ ಅದು 66ರಲ್ಲಿ ಒಂದು ಭಾಗ. ಡೆಸಿಬಲ್‌ನಲ್ಲಿ ಸುಮಾರು 18. ದುಬಾರಿ ಮೀಟರ್ ಬೇಕಿಲ್ಲ, ರಟ್ಟು, ಕತ್ತರಿ, ಅಳತೆ ಪಟ್ಟಿ ಸಾಕು. ಈ 18ನ್ನು ನೆನಪಿಡಿ.

ಊರಿನಲ್ಲಿ ಯಾರೇ ನೋಡಿದರೂ ಮೊದಲು ಕೇಳುತ್ತಿದ್ದದ್ದು ಮಳೆ ಬಗ್ಗೆ. ನನಗೂ ಮಳೆಯದೇ ಭಯ. ಮೊದಲ ದೊಡ್ಡ ಮಳೆ ಬಂದ ಸಂಜೆ ಕೊಡೆ ಹಿಡಿದು ತಾರಸಿಯಲ್ಲೇ ನಿಂತಿದ್ದೆ. ಸಿಗ್ನಲ್ ಇಳಿಯಿತು, ಆದರೆ ಲಿಂಕ್ ಬೀಳಲಿಲ್ಲ. ಲೆಕ್ಕ ಹಾಕಿದರೆ ಸರಿಯಾಗೇ ಇತ್ತು. ಗಂಟೆಗೆ 25 ಮಿಲಿಮೀಟರ್ ಸುರಿಯುವ ಮಳೆ ಕಿಲೋಮೀಟರಿಗೆ ಸುಮಾರು 9 ಡೆಸಿಬಲ್ ತಿನ್ನುತ್ತೆ. ನಮ್ಮ 420 ಮೀಟರಿಗೆ ಅದು 4 ಡೆಸಿಬಲ್. ಮಳೆ ಅದರ ಎರಡರಷ್ಟಾದರೂ 6ರ ಆಸುಪಾಸು. ನಮ್ಮ ಹತ್ತಿರ 18 ಇದೆ.

ನಿಜವಾದ ಪರೀಕ್ಷೆ ಡಿಸೆಂಬರಿನಲ್ಲಿ ಬಂತು. ಒಂದು ಬೆಳಿಗ್ಗೆ ಆರೂವರೆಗೆ ತಮ್ಮನ ಫೋನ್. "ಅಣ್ಣ, ನೆಟ್ ಹೋಗಿದೆ. ರಾತ್ರಿಯೆಲ್ಲ ಚೆನ್ನಾಗಿತ್ತು." ತಾರಸಿಗೆ ಓಡಿದೆ. ಕರೆಂಟ್ ಇದೆ, ದೀಪ ಉರಿಯುತ್ತಿದೆ, ವೈರೆಲ್ಲ ಸರಿ ಇದೆ. ಕೆಳಗೆ ಅಂಗಳದಲ್ಲಿ ರಂಗೋಲಿ ಬಿಡುತ್ತಿದ್ದ ಅಮ್ಮ ಹೇಳಿದರು, "ಇವತ್ತು ಆ ಕಡೆ ಶೆಡ್ಡೇ ಕಾಣ್ತಿಲ್ಲ ಕಣೋ." ಆಗ ತಲೆ ಎತ್ತಿದೆ. ಕೆರೆಯ ಮೇಲೆ ಬಿಳಿ ಮಂಜು ಕೂತಿತ್ತು. ಎಂಟೂವರೆಗೆ ಶೆಡ್ಡಿನ ಚಾವಣಿ ಮಸುಕಾಗಿ ಕಂಡಿತು. ಅದೇ ಹೊತ್ತಿಗೆ ಲಿಂಕ್ ತಾನಾಗಿ ಬಂತು.

ಇದು ಕಾಕತಾಳೀಯ ಅಲ್ಲ. ಇದನ್ನು ಅರ್ಥ ಮಾಡಿಕೊಂಡ ದಿನ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಹವಾಮಾನದವರು ಗೋಚರತೆ ಅಂತ ಹೇಳುತ್ತಾರಲ್ಲ, ಬೆಳಕಿನ ಲಿಂಕಿನವರು ಅದಕ್ಕೆ ಸಾಮಾನ್ಯವಾಗಿ ಹಿಡಿಯುವ ಒಂದು ಲೆಕ್ಕವಿದೆ. ಬೆಳಕು ಎಷ್ಟು ದೂರ ಹೋಗುವಷ್ಟರಲ್ಲಿ ನೂರರಲ್ಲಿ ಎರಡು ಭಾಗ ಮಾತ್ರ ಉಳಿಯುತ್ತೋ ಆ ದೂರವೇ ಗೋಚರತೆ. ಎರಡು ಭಾಗ ಅಂದರೆ 17 ಡೆಸಿಬಲ್ ನಷ್ಟ. ನನ್ನ ಉಳಿತಾಯ 18. ಹಾಗಾಗಿ ಗೋಚರತೆ ಹೆಚ್ಚುಕಡಿಮೆ 400 ಮೀಟರಿಗೆ ಇಳಿದಾಗ, ಅಂದರೆ ಅಮ್ಮನ ಕಣ್ಣಿಗೆ ಶೆಡ್ ಮಾಯವಾಗುವ ಹೊತ್ತಿಗೆ, ನನ್ನ ಲಿಂಕೂ ಮಾಯ. ನನ್ನದು ಕಣ್ಣಿಗೆ ಕಾಣುವ ಕೆಂಪು ಬೆಳಕಾದ್ದರಿಂದ ಈ ಲೆಕ್ಕ ಚೆನ್ನಾಗಿ ಕೂಡುತ್ತೆ. ಉಳಿತಾಯ 34 ಇದ್ದರೆ ಗೋಚರತೆ ದೂರದ ಅರ್ಧಕ್ಕೆ ಇಳಿಯುವ ತನಕ ತಡೆದುಕೊಳ್ಳಬಹುದು. ಯಾರಾದರೂ ಹೊಸದಾಗಿ ಹಾಕುವವರಿದ್ದರೆ ನಾನು ಹೇಳುವುದು ಇದೊಂದೇ. ಮೊದಲು ಒಂದು ಚಳಿಗಾಲ ಅಲ್ಲಿ ನಿಂತು ಆಚೆ ತುದಿಯನ್ನು ಬರೀ ಕಣ್ಣಲ್ಲಿ ನೋಡಿ. ಕಾಣಿಸದ ಬೆಳಗುಗಳು ಎಷ್ಟು ಅಂತ ಎಣಿಸಿ.

ಜೋರು ಮಳೆಯನ್ನು ತಡೆದುಕೊಂಡ ಬೆಳಕು ಮೆತ್ತನೆ ಮಂಜಿಗೆ ಯಾಕೆ ಸೋಲುತ್ತೆ? ಲ್ಯಾಬಿನ ಮಕ್ಕಳಿಗೆ ನಾನು ಹೀಗೆ ಹೇಳುತ್ತೇನೆ. 1 ಮಿಲಿಮೀಟರ್ ದಪ್ಪದ ಒಂದು ಮಳೆಹನಿ ತಗೊಳ್ಳಿ. ಮಂಜಿನ ಹನಿ ಅದರ ನೂರನೇ ಒಂದು ಭಾಗದಷ್ಟು ದಪ್ಪ ಅಂತಿಟ್ಟುಕೊಳ್ಳಿ. ಆ ಒಂದೇ ಮಳೆಹನಿಯ ನೀರಿನಲ್ಲಿ 10 ಲಕ್ಷ ಮಂಜಿನ ಹನಿ ಆಗುತ್ತವೆ. ಅವೆಲ್ಲ ಸೇರಿ ಬೆಳಕಿಗೆ ಅಡ್ಡ ಹಿಡಿಯುವ ಜಾಗ ಮಳೆಹನಿಗಿಂತ 100 ಪಟ್ಟು. ನೀರು ಅಷ್ಟೇ, ಅಡ್ಡ ಮಾತ್ರ ನೂರರಷ್ಟು. ಮೇಲಾಗಿ ಮಳೆಹನಿ ಬಿದ್ದು ಹೋಗುತ್ತೆ, ಮಂಜು ಅಲ್ಲೇ ತೇಲುತ್ತಾ ಕೂರುತ್ತೆ.

ಅತಿಗೆಂಪು ಬೆಳಕು ಮಂಜನ್ನು ತೂರಿಕೊಂಡು ಹೋಗುತ್ತೆ ಅಂತ ಸ್ನೇಹಿತರೊಬ್ಬರು ಹೇಳಿದರು. ತೆಳು ಮಬ್ಬಿನಲ್ಲಿ ಅದು ನಿಜ, ಸ್ವಲ್ಪ ಅನುಕೂಲ ಇದೆ. ಆದರೆ ಗೋಚರತೆ 500 ಮೀಟರಿಗಿಂತ ಕೆಳಗಿಳಿದ ದಟ್ಟ ಮಂಜಿನಲ್ಲಿ ಅಲೆಯ ಉದ್ದ 850 ನ್ಯಾನೋಮೀಟರ್ ಇರುವ ಅತಿಗೆಂಪೂ ಒಂದೇ, 1550 ಇರುವುದೂ ಒಂದೇ. ಮಂಜಿನ ಹನಿಗಳು ಆ ಎರಡು ಅಲೆಗಳಿಗಿಂತಲೂ ದೊಡ್ಡವು. 1550ರಲ್ಲಿ ಕಣ್ಣಿಗೆ ಅಪಾಯ ಕಡಿಮೆ, ಅದಕ್ಕೇ ಹೆಚ್ಚು ಶಕ್ತಿಯ ಲೇಸರ್ ಬಳಸಬಹುದು. ಅದರ ಲಾಭ ಬೇರೆ.

ನಮ್ಮ ಕಡೆ ಮಂಜು ಯಾವಾಗ ಬೀಳುತ್ತೆ ಅಂತ ಎರಡು ಚಳಿಗಾಲ ಗಮನಿಸಿದೆ. ಹಿಂಗಾರು ಮಳೆ ಮುಗಿದು ನೆಲ ಒದ್ದೆ ಇರಬೇಕು. ರಾತ್ರಿ ಆಕಾಶ ಶುಭ್ರವಾಗಿರಬೇಕು. ಗಾಳಿ ನಿಂತಿರಬೇಕು. ಆಗ ನೆಲ ಬೇಗ ತಣ್ಣಗಾಗಿ, ಬೆಳಗಿನ ಜಾವ ಮಂಜು ಕಟ್ಟುತ್ತೆ. ಇಲ್ಲಿಂದ ಹೆಚ್ಚು ದೂರ ಇಲ್ಲದ ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿ ವಿಮಾನಗಳು ತಡ ಅಂತ ಸುದ್ದಿ ಬರುವುದೂ ಇಂಥ ಬೆಳಗುಗಳಲ್ಲೇ. ಎಚ್.ಎನ್. (ಹೆಬ್ಬಾಳ-ನಾಗವಾರ) ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಈ ಭಾಗದ ಕೆರೆಗಳಿಗೆ ಬರಲು ಶುರುವಾದ ಮೇಲೆ ನಮ್ಮ ಕೆರೆಯಲ್ಲಿ ಚಳಿಗಾಲದಲ್ಲೂ ನೀರು ನಿಲ್ಲುತ್ತೆ. ಆ ತೇವವೂ ಮಂಜಿಗೆ ನೆರವಾಗುತ್ತಿರಬಹುದು. ಆದರೂ ಕೆರೆ ತುಂಬಿರಲಿ ಅನ್ನುವುದೇ ನನ್ನ ಆಸೆ. ಲಿಂಕಿಗೆ ಬೇರೆ ದಾರಿ ಹುಡುಕಿಕೊಳ್ಳಬಹುದು.

ಇನ್ನು ಬೇಸಿಗೆ. ಏಪ್ರಿಲ್ ಮಧ್ಯಾಹ್ನ, ಆಕಾಶದಲ್ಲಿ ಒಂದು ಮೋಡ ಇಲ್ಲ, ಶೆಡ್ ಸ್ಪಷ್ಟವಾಗಿ ಕಾಣುತ್ತಿದೆ. ಆದರೂ ಕ್ಯಾಮೆರಾ ಚಿತ್ರ ನಿಂತು ನಿಂತು ಬರುತ್ತಿತ್ತು. ಸಿಗ್ನಲ್ ಮೀಟರಿನ ಮುಳ್ಳು ಕುಣಿಯುತ್ತಿತ್ತು. ಟಾರು ರಸ್ತೆಯ ಮೇಲೆ ಬಿಸಿಲಲ್ಲಿ ನೀರು ಹರಿದಂತೆ ಕಾಣುತ್ತಲ್ಲ, ಆ ಬಿಸಿ ಗಾಳಿಯದೇ ಕೆಲಸ. ಬಿಸಿ ಗಾಳಿ, ತಂಪು ಗಾಳಿ ಬೆರೆತು ಏಳುವಾಗ ಬೆಳಕು ಆ ಕಡೆ ಈ ಕಡೆ ಬಾಗುತ್ತೆ. ನಕ್ಷತ್ರ ಮಿನುಗುವುದೂ ಇದರಿಂದಲೇ. ನಾನು ಮಾಡಿದ ತಪ್ಪು ಏನೆಂದರೆ ಕೊಳವೆಯನ್ನು ತಾರಸಿಯ ಮಧ್ಯೆ ಇಟ್ಟಿದ್ದೆ. ಬೆಳಕು ಕಾದ ಕಾಂಕ್ರೀಟಿನ ಒಂದಡಿ ಮೇಲೆ ಆರು ಮೀಟರ್ ಹೋಗಿ ಆಮೇಲೆ ಹೊರಗೆ ಬೀಳುತ್ತಿತ್ತು. ಅದನ್ನು ಪ್ಯಾರಪೆಟ್ಟಿನ ಅಂಚಿಗೆ ತಂದು, ನಾಲ್ಕಡಿ ಎತ್ತರಿಸಿದೆ. ಮುಳ್ಳಿನ ಕುಣಿತ ಬಹಳ ಕಡಿಮೆಯಾಯ್ತು. ಪಡೆಯುವ ಲೆನ್ಸ್ ದೊಡ್ಡದಾಗಿದ್ದಷ್ಟೂ ಒಳ್ಳೆಯದು. ಒಂದು ಕಡೆ ಕತ್ತಲಾದರೆ ಇನ್ನೊಂದು ಕಡೆ ಬೆಳಕಿರುತ್ತೆ, ಒಟ್ಟಿನಲ್ಲಿ ಸರಿದೂಗುತ್ತೆ. ಸೂರ್ಯ ಹುಟ್ಟಿದ ಸ್ವಲ್ಪ ಹೊತ್ತಿಗೆ, ಮುಳುಗುವ ಸ್ವಲ್ಪ ಮುಂಚೆ ಗಾಳಿ ತೀರಾ ಶಾಂತ. ಗುರಿ ಸರಿ ಮಾಡುವುದಿದ್ದರೆ ನಾನು ಆ ಹೊತ್ತಿನಲ್ಲೇ ಮಾಡುತ್ತೇನೆ.

ಅಲುಗಾಟದ ಕಥೆ ಶೆಡ್ಡಿನ ಕಡೆಯದು. ಮೊದಲು ಶೆಡ್ಡಿನ ಕಬ್ಬಿಣದ ಪೈಪಿಗೆ ಕಟ್ಟಿದ್ದೆ. ಮಧ್ಯಾಹ್ನ ಬಿಸಿಲಿಗೆ ಪೈಪ್ ಹಿಗ್ಗಿ ಗುರಿ ತಪ್ಪುತ್ತಿತ್ತು, ಸಂಜೆಗೆ ತಾನೇ ಸರಿಯಾಗುತ್ತಿತ್ತು. ಆಷಾಢದ ಗಾಳಿಗೆ ಇಡೀ ಶೆಡ್ಡೇ ನಡುಗುತ್ತಿತ್ತು. ತಮ್ಮನೇ ದಾರಿ ತೋರಿಸಿದ. "ಅಣ್ಣ, ಚಪ್ಪರದ ಕಲ್ಲು ಕೂಚ ಇದೆಯಲ್ಲ, ಅದಕ್ಕೆ ಕಟ್ಟು." ನಮ್ಮ ಕಡೆ ದ್ರಾಕ್ಷಿ ಚಪ್ಪರವನ್ನು ಹೊರುವುದು ನೆಲದಲ್ಲಿ ಹೂತ ಕಲ್ಲಿನ ಕಂಬಗಳು. ಶೆಡ್ಡಿನ ಪಕ್ಕ, ಚಪ್ಪರದ ತಂತಿಗೆ ಸೇರದ ಹಾಗೆ, ಒಂದು ಉದ್ದನೆ ಕೂಚವನ್ನು ಮೂರಡಿ ಆಳಕ್ಕೆ ಹೂತೆವು. ಅವತ್ತಿನಿಂದ ಆ ತುದಿಯ ತಿರುಪನ್ನು ಎರಡೇ ಸಲ ಮುಟ್ಟಿದ್ದೇನೆ.

ಸೂರ್ಯನದೂ ಒಂದು ಮಾತು. ನಮ್ಮ ಲಿಂಕ್ ಪೂರ್ವ ಪಶ್ಚಿಮ. ಶೆಡ್ಡಿನ ಲೆನ್ಸ್ ಪೂರ್ವಕ್ಕೆ ನೋಡುತ್ತೆ. ಮಾರ್ಚ್ ಮೂರನೇ ವಾರ, ಮತ್ತೆ ಸೆಪ್ಟೆಂಬರ್ ಮೂರನೇ ವಾರ ಸೂರ್ಯ ಸರಿಯಾಗಿ ನಮ್ಮ ಮನೆಯ ಹಿಂದೆಯೇ ಹುಟ್ಟುತ್ತಾನೆ. ಆ ಕೆಲವು ದಿನ ಬೆಳಿಗ್ಗೆ ಕೆಲವು ನಿಮಿಷ ಲಿಂಕ್ ಇರುವುದಿಲ್ಲ. ಬಿಸಿಲಿನ ಮುಂದೆ ನಮ್ಮ ಎಲ್‌ಇಡಿ ಯಾವ ಲೆಕ್ಕ! ಒಳಗೆ ಕಪ್ಪು ಬಳಿದ ಉದ್ದನೆ ಮುಸುಕು ಹಾಕಿದ ಮೇಲೆ ಆ ನಿಮಿಷಗಳು ಕಡಿಮೆಯಾದವು, ಪೂರ್ತಿ ಹೋಗಲಿಲ್ಲ. ಜೋಡಿಸುವ ದಿನಗಳಲ್ಲಿ ಕೊಳವೆಯನ್ನು ಮುಚ್ಚಳ ಇಲ್ಲದೆ ಬಿಸಿಲಿಗೆ ಮುಖ ಮಾಡಿ ಇಡಬೇಡಿ. ಭೂತಗನ್ನಡಿ ತಾನೇ, ಒಳಗಿನ ಬೋರ್ಡ್ ಸುಡುತ್ತೆ. ನನ್ನದೊಂದು ಹಾಗೇ ಸುಟ್ಟಿತು.

ಶೆಡ್ ಕಾಣದಿದ್ದರೆ ಲಿಂಕೂ ಇಲ್ಲ ಅನ್ನುವ ಅಮ್ಮನ ಸೂತ್ರ ಇನ್ನೊಂದು ರೀತಿಯಲ್ಲೂ ಕೈ ಹಿಡಿಯಿತು. ಶೆಡ್ ಕಾಣುತ್ತಿದ್ದೂ ಲಿಂಕ್ ಇಲ್ಲ ಅಂದರೆ ತಪ್ಪು ಮಂಜಿನದ್ದಲ್ಲ, ಹೆಚ್ಚಾಗಿ ನಮ್ಮದೇ. ಒಂದು ಜನವರಿ ಬೆಳಿಗ್ಗೆ ಹೀಗೇ ಆಯ್ತು. ಹೋಗಿ ನೋಡಿದರೆ ಲೆನ್ಸಿನ ಮೇಲೆ ಇಬ್ಬನಿ. ಲೆನ್ಸಿನ ಸುತ್ತ ಕರೆಂಟ್ ಹರಿದರೆ ಬಿಸಿಯಾಗುವ ನಾಲ್ಕು ರೆಸಿಸ್ಟರ್ ಇಟ್ಟು ಸದಾ ಸ್ವಲ್ಪ ಬೆಚ್ಚಗಿರುವಂತೆ ಮಾಡಿದೆ. ಇನ್ನೊಂದು ಸಲ ಜೇಡ ಬಲೆ ಕಟ್ಟಿತ್ತು.

ಮಂಜಿನ ಬೆಳಗುಗಳಿಗೆ ಕೊನೆಗೆ ರೇಡಿಯೋವನ್ನೇ ಜೊತೆಗಿಟ್ಟೆ. ಎರಡು ಜಾಗಗಳ ನಡುವೆ ನೆಟ್ ದಾಟಿಸುವ 5 ಗಿಗಾಹರ್ಟ್ಸ್ ವೈಫೈ ಬ್ರಿಡ್ಜ್ ಒಂದು ಜೋಡಿ. ಅದರ ಅಲೆಯ ಉದ್ದ ಐದಾರು ಸೆಂಟಿಮೀಟರ್, ಮಂಜಿನ ಹನಿ ಅದಕ್ಕೆ ಲೆಕ್ಕಕ್ಕೇ ಇಲ್ಲ. ಹಾಗಿದ್ದರೆ ವೈಫೈ ಒಂದೇ ಸಾಕಿತ್ತಲ್ವಾ ಅಂತ ಕೇಳಬಹುದು. ಎರಡು ಕ್ಯಾಮೆರಾಗೆ ಸಾಕಿತ್ತು, ನಿಜ. ಆದರೆ ಬೆಳಕಿನ ಲಿಂಕಿಗೆ ಅಕ್ಕಪಕ್ಕದ ವೈಫೈಗಳ ಕಾಟ ಇಲ್ಲ. ಬೆಳಕಿನ ದಾರಿ ಇನ್ನೂ ಎಷ್ಟೋ ದೂರ ಹೋಗಬಲ್ಲದು. ಆಗ ಗೂಗಲ್‌ನ ಬಳಗದಲ್ಲಿದ್ದ ತಾರಾ ತಂಡ 2021ರಲ್ಲಿ ಆಫ್ರಿಕಾದ ಕಾಂಗೋ ನದಿಯ ಮೇಲೆ 4.8 ಕಿಲೋಮೀಟರ್ ಬೆಳಕು ಹಾಯಿಸಿ, 20 ದಿನದಲ್ಲಿ ಸುಮಾರು 700 ಟೆರಾಬೈಟ್ ಸಾಗಿಸಿತು. ಅವರ ಪೆಟ್ಟಿಗೆಯಲ್ಲಿ ಕನ್ನಡಿಗಳು ತಾವೇ ತಿರುಗಿ ಗುರಿ ಹಿಡಿದುಕೊಳ್ಳುತ್ತವೆ. ಸ್ಯಾನ್ ಫ್ರಾನ್ಸಿಸ್ಕೋದಂಥ ಮಂಜಿನ ಊರಿಗೆ ಇದು ಒಗ್ಗುವುದು ಕಷ್ಟ ಅಂತ ಅವರೂ ಒಪ್ಪಿಕೊಂಡಿದ್ದಾರೆ.

ಬೆಳಕು ಬಿದ್ದ ಕೂಡಲೇ ರೂಟರ್ ವೈಫೈಗೆ ತಿರುಗುತ್ತೆ. ಬೆಳಕು ವಾಪಸ್ ಬಂದ ಕೂಡಲೇ ತಿರುಗಬಾರದು. ಮಂಜು ಕರಗುವಾಗ ಅರ್ಧ ಗಂಟೆ ಬಂದು ಹೋಗಿ ಆಟ ಆಡುತ್ತೆ. ಅದಕ್ಕೆ ಐದು ನಿಮಿಷ ಬಿಡದೆ ನಿಂತ ಮೇಲೆ ಮಾತ್ರ ಬೆಳಕಿಗೆ ಮರಳುವಂತೆ ಇಟ್ಟಿದ್ದೇನೆ.

ಅಡುಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ಈಗ ದಿನಾ ಬೆಳಿಗ್ಗೆ ಅಮ್ಮನೇ ಗುರುತು ಹಾಕುತ್ತಾರೆ. ತೆಂಗಿನ ಮರ 90 ಮೀಟರ್, ಹುಣಸೆ ಮರ 200, ಶೆಡ್ 420, ಕರೆಂಟ್ ಟವರ್ 800. ಯಾವುದರ ತನಕ ಕಂಡಿತೋ ಅದರ ಮೊದಲ ಅಕ್ಷರ. ಸ್ಕಂದಗಿರಿ ಪೂರ್ತಿ ಕಂಡ ದಿನ ಒಂದು ಸಣ್ಣ ಬೆಟ್ಟ ಬರೆಯುತ್ತಾರೆ. ಹೋದ ಡಿಸೆಂಬರ್ ಹಾಳೆಯನ್ನು ರೂಟರಿನ ದಾಖಲೆ ಪಕ್ಕದಲ್ಲಿಟ್ಟು ನೋಡಿದೆ. ‘ತೆ’, ‘ಹು’ ಇರುವ ಬೆಳಗುಗಳಲ್ಲೆಲ್ಲ ವೈಫೈ ಓಡಿದೆ, ‘ಕ’ ಇರುವಲ್ಲೆಲ್ಲ ಬೆಳಕು.