ಮೊದಲು ಹೊಟ್ಟು, ಆಮೇಲೆ ಆಡು

ಆಡು ಸಾಕುವುದೇ ಅಂತ ಗಟ್ಟಿಯಾದ ಮೇಲೆ ನಾನು ಮೊದಲು ಕೊಂಡದ್ದು ಆಡನ್ನಲ್ಲ, ಕಡಲೆ ಹೊಟ್ಟನ್ನು. ಬಾಗಲಕೋಟೆ ಜಿಲ್ಲೆ ಹುನಗುಂದ ತಾಲ್ಲೂಕಿನ ನಮ್ಮ ಎರಿ ಭೂಮಿಯಲ್ಲಿ ತೊಗರಿ, ಕಡಲೆ ರಾಶಿ ಫೆಬ್ರುವರಿ ಮುಗಿಯುವುದರೊಳಗೆ ಆಗಿಬಿಡುತ್ತದೆ. ಆಗ ಹೊಲದ ಮೂಲೆಯಲ್ಲಿ ಗುಡ್ಡೆ ಬಿದ್ದ ಹೊಟ್ಟನ್ನು 'ಒಯ್ದರ ಸಾಕ್ರಿ, ಜಾಗಾ ಖಾಲಿ ಆಗ್ತೈತಿ' ಅನ್ನುವವರೂ ಸಿಗುತ್ತಾರೆ. ಅದೇ ಹೊಟ್ಟನ್ನು ಏಪ್ರಿಲ್‌ನಲ್ಲಿ ಕೇಳಿ ನೋಡಿ, ರೊಕ್ಕ ಕೊಡುತ್ತೇನೆಂದರೂ ಕೊಡುವವರಿರುವುದಿಲ್ಲ.

ಎರಡು ಆಡು ಕಟ್ಟುವುದು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಹೊಸದಲ್ಲ. ನಮ್ಮತ್ತೆ ಹಿತ್ತಲದ ಗೂಟಕ್ಕೆ ಕಟ್ಟಿದ ಆಡುಗಳಿಂದಲೇ ನಾದಿನಿಯರ ಮದುವೆಗೆ ಭಾಂಡೆ ಸಾಮಾನು ಕೂಡಿಸಿದವರು. ಆ ಎರಡಕ್ಕೆ ಬದುವಿನ ಹುಲ್ಲು, ಜಾಲಿ ಕಾಯಿ, ಅಡುಗೆಮನೆಯ ಸಿಪ್ಪೆ ಸಾಕು. ಖರ್ಚು ಕಣ್ಣಿಗೇ ಬೀಳುವುದಿಲ್ಲ. ಹಾಗಾಗಿ ಎರಡರಿಂದ ಇಷ್ಟು ಬಂದರೆ ಇಪ್ಪತ್ತರಿಂದ ಹತ್ತು ಪಟ್ಟು ಅಂತ ಲೆಕ್ಕ ಹಾಕುವವರು ಬಹಳ ಮಂದಿ. ಹತ್ತು ಪಟ್ಟು ಆಗುವುದು ಮೊದಲು ಮೇವಿನ ಖರ್ಚು.

ನಾನು ನೋಟ್‌ಬುಕ್‌ನಲ್ಲಿ ಹಾಕಿದ ಲೆಕ್ಕ ಇಷ್ಟೇ. 30 ಕಿಲೋ ತೂಗುವ ಆಡಿಗೆ ದಿನಕ್ಕೆ ತನ್ನ ತೂಕದ ನೂರಕ್ಕೆ ನಾಲ್ಕರಷ್ಟು ಒಣ ಅಂಶ ಬೇಕು, ಅಂದರೆ 1.2 ಕಿಲೋ. ಹಸಿಮೇವಿನಲ್ಲಿ ಬಹುಪಾಲು ನೀರೇ ಇರುತ್ತದೆ. 3 ಕಿಲೋ ಹಾಕಿದರೂ ಒಣ ಅಂಶ ಅರ್ಧ ಕಿಲೋಕ್ಕಿಂತ ತುಸು ಹೆಚ್ಚು ಸಿಕ್ಕರೆ ಪುಣ್ಯ. ಉಳಿದದ್ದನ್ನು ಹೊಟ್ಟು, ಕಣಿಕೆಯಿಂದ ತುಂಬಬೇಕು, ತಲೆಗೆ ದಿನಕ್ಕೆ ಮುಕ್ಕಾಲು ಕಿಲೋ. ಫೆಬ್ರುವರಿ ನಡುವಿನಿಂದ ಜೂನ್ ನಡುವಿನವರೆಗಿನ 120 ದಿನಕ್ಕೆ ಒಂದು ಆಡಿಗೆ 90 ಕಿಲೋ, 20 ಆಡಿಗೆ 18 ಕ್ವಿಂಟಲ್. ತುಳಿದು, ಚೆಲ್ಲಿ ಹಾಳು ಮಾಡುವುದನ್ನೂ ಸೇರಿಸಿ 22 ಕ್ವಿಂಟಲ್ ಅಂತ ಬರೆದುಕೊಂಡೆ. ಇದು ದುಡ್ಡಿದ್ದರೆ ಕೂಡಿಸಬಹುದಾದದ್ದು. ಕಷ್ಟ ಇರುವುದು ದಿನಕ್ಕೆ 60 ಕಿಲೋ ಹಸಿಮೇವಿನಲ್ಲಿ. ನಮ್ಮ ಬೋರು ಮಾರ್ಚ್ ದಾಟಿದರೆ ಏದುಸಿರು ಬಿಡುತ್ತದೆ. ಆ ನೀರಿಗೆ 15 ಗುಂಟೆ ಹಸಿರು ಉಳಿಸಬಹುದು, ಅದಕ್ಕಿಂತ ಹೆಚ್ಚಲ್ಲ. ಹಾಗಾಗಿ ಇಪ್ಪತ್ತು ಅನ್ನುವ ಸಂಖ್ಯೆ ಬಂದದ್ದು ಕೈಯಲ್ಲಿದ್ದ ದುಡ್ಡಿನಿಂದಲ್ಲ, ಮೇ ತಿಂಗಳ ಬೋರಿನ ನೀರಿನಿಂದ.

ಇದನ್ನು ಮನೆಯಲ್ಲಿ ಒಪ್ಪಿಸುವುದೇ ದೊಡ್ಡ ಕೆಲಸವಾಯಿತು. ನಮ್ಮ ಮೈದುನ ಮೊಬೈಲಿನಲ್ಲಿ ಆಡಿನ ವಿಡಿಯೋ ನೋಡಿ ನೋಡಿ ಪಂಡಿತನಾಗಿದ್ದ. ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ 100 ಹೆಣ್ಣು, 5 ಹೋತದ ಘಟಕಕ್ಕೆ ಬಂಡವಾಳದ ಅರ್ಧ, ಹೆಚ್ಚೆಂದರೆ 10 ಲಕ್ಷ ರೂಪಾಯಿ ಸಹಾಯಧನ ಇದೆಯಲ್ಲ, ಅದನ್ನೇ ಹಿಡಿದು ಕೂತ.

'ವೈನಿ, ನೂರೇ ಹಾಕ್ರಿ. ಅರ್ಧ ಸರ್ಕಾರನ ಕೊಡ್ತೈತಿ.'

'ಆಡಿಗೆ ರೊಕ್ಕಾ ಕೊಡ್ತೈತಪಾ. ಮೇ ತಿಂಗಳದಾಗ ದಿನಾ ಮೂರು ಕ್ವಿಂಟಲ್ ಹಸಿಮೇವು ನಮ್ಮ ಹೊಲದಾಗ ಬೆಳೀತೈತೇನು?'

ನೂರಕ್ಕೆ ಅದೇ ಲೆಕ್ಕ ಹಿಡಿದರೆ 90 ಕ್ವಿಂಟಲ್ ಹೊಟ್ಟು, ದಿನಕ್ಕೆ 3 ಕ್ವಿಂಟಲ್ ಹಸಿರು. ಕಾಗದ ತೋರಿಸಿದ ಮೇಲೆ ಸುಮ್ಮನಾದ. ಯೋಜನೆ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಕಾಲುವೆ ನೀರಿರುವವರಿಗೆ, ಮುಧೋಳ, ಜಮಖಂಡಿ ಕಡೆ ಕಬ್ಬಿನ ವಾಡಿ, ಅಂದರೆ ತುದಿಯ ಹಸಿ ಸೋಗೆ, ಬೇಕಾದಷ್ಟು ಸಿಗುವವರಿಗೆ ಅದು ಹೊಂದಬಹುದು. ಮಳೆಯನ್ನೇ ನಂಬಿದ ನಾಲ್ಕು ಎಕರೆಯವರು ಸಹಾಯಧನದ ಗಾತ್ರ ನೋಡಿ ಹಿಂಡಿನ ಗಾತ್ರ ಗೊತ್ತು ಮಾಡಬಾರದು, ಅಷ್ಟೇ.

ಆಡು ಬರುವ ಹಿಂದಿನ ಮುಂಗಾರಿನಲ್ಲೇ ಬದುವಿಗೆ ಸುಬಾಬುಲ್, ಅಗಸೆ, ನುಗ್ಗೆಯಂಥ ಮೇವಿನ ಮರ ಹಚ್ಚಿದೆವು. 15 ಗುಂಟೆಯಲ್ಲಿ ಅರ್ಧ ನೇಪಿಯರ್, ಅರ್ಧ ಬೇಲಿ ಮೆಂತೆ. ಗಡಿಯಾಚೆಯವರು ಇದಕ್ಕೆ ದಶರಥ ಗವತ ಅನ್ನುತ್ತಾರೆ, ಬೀಜದಂಗಡಿಯಲ್ಲಿ ಆ ಹೆಸರು ಹೇಳಿದರೂ ಗೊತ್ತಾಗುತ್ತದೆ. ಆಡಿಗೆ ನೇಪಿಯರ್‌ಗಿಂತ ಇದೇ ಇಷ್ಟ. ನೇಪಿಯರ್ ದಂಟನ್ನು ಕತ್ತರಿಸಿ ಹಾಕದಿದ್ದರೆ ಎಲೆ ಹರಿದು ತಿಂದು ದಂಟನ್ನು ನಮಗೇ ಬಿಡುತ್ತವೆ. ಸುಬಾಬುಲ್‌ನಲ್ಲಿ ಮಿಮೋಸಿನ್ ಅನ್ನುವ ವಿಷದ ಅಂಶ ಇರುವುದರಿಂದ ಒಟ್ಟು ಮೇವಿನ ಮೂರನೇ ಒಂದು ಪಾಲು ದಾಟಿಸುವುದಿಲ್ಲ. ಅತಿಯಾದರೆ ಕೂದಲು ಉದುರಿ, ಆಡು ಸೊರಗುತ್ತದೆ.

ಶೆಡ್ಡಿನ ವಿಷಯಕ್ಕೆ ಹೆಚ್ಚು ಹೇಳುವುದಿಲ್ಲ, ಯಾಕೆಂದರೆ ಜನ ಅದಕ್ಕೇ ಹೆಚ್ಚು ದುಡ್ಡು ಸುರಿಯುತ್ತಾರೆ. ಹಲಗೆಯ ಅಟ್ಟಣಿಗೆ ಮಳೆ ಹೆಚ್ಚಿರುವ ಕಡೆಗೆ ಒಳ್ಳೆಯದು. ನಮ್ಮ ಒಣ ಹವೆಗೆ ಗರಸು ಬಡಿದ ನೆಲ ಸಾಕು, ಇಳಿಜಾರು ಸರಿಯಿರಬೇಕು, ಉಚ್ಚೆ ನಿಲ್ಲಬಾರದು. ಪೂರ್ವ ಪಶ್ಚಿಮಕ್ಕೆ ಉದ್ದ, ಒಂದು ಹೆಣ್ಣಾಡಿಗೆ 10ರಿಂದ 12 ಚದರ ಅಡಿ ನೆರಳು, ಅದರ ಎರಡರಷ್ಟು ಬಯಲು ಅಂಗಳ. ತಗಡಿನ ಮೇಲೆ ಬೇಸಿಗೆಯಲ್ಲಿ ಕಬ್ಬಿನ ರವದಿ ಹೊದಿಸುತ್ತೇವೆ. 40 ಡಿಗ್ರಿ ದಾಟಿದ ದಿನ ತಗಡಿನ ಕೆಳಗೆ ನಿಂತ ಆಡು ತೇಕುತ್ತದೆಯೇ ಹೊರತು ತಿನ್ನುವುದಿಲ್ಲ. ಗೋದಲಿ ಮಾತ್ರ ನೆಲಕ್ಕೆ ತಾಗದಂತೆ ಎತ್ತರಿಸಿ, ಕತ್ತು ಮಾತ್ರ ಹೋಗುವ ಹಾಗೆ ಅಡ್ಡಪಟ್ಟಿ ಹಾಕಿಸಿದೆ. ಕಾಲು ತಾಗಿದ ಮೇವನ್ನು ಎಮ್ಮೆ ತಿಂದೀತು, ಆಡು ಮೂಸಿಯೂ ನೋಡುವುದಿಲ್ಲ.

ಇನ್ನು ಆಡು. ಬೋಯರ್, ಜಮುನಾಪಾರಿ, ಬೀಟಲ್ ಅಂತ ಹೆಸರುಗಳು ಬಹಳ ತೇಲಾಡುತ್ತಿವೆ. ನಾನು ಕಟ್ಟಿದ್ದು ನಮ್ಮ ಕಡೆಯ ಕರಿ ಆಡುಗಳನ್ನೇ, ಉಸ್ಮಾನಾಬಾದಿ ರಕ್ತ ಇರುವವನ್ನು. ಈ ತಳಿಯ ಮೂಲ ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗಿನ ಧಾರಾಶಿವ), ಲಾತೂರು, ಸೊಲ್ಲಾಪುರ ಸೀಮೆ. ನಮ್ಮದೇ ಬಿಸಿಲು, ನಮ್ಮದೇ ಮೇವು. ಅವಳಿ ಈಯುವುದು ಇವಕ್ಕೆ ಸಹಜ. ಜೊತೆಗೆ ಕರಿ ಹೋತಕ್ಕೆ ನಮ್ಮ ದೇವರ ಕಾರ್ಯಗಳಲ್ಲಿ ಗಿರಾಕಿ ತಪ್ಪುವುದಿಲ್ಲ.

ಅಮೀನಗಡದ ಶನಿವಾರದ ಕುರಿ ಸಂತೆ ನಮಗೆ ಹತ್ತಿರ. ಆದರೂ ಹೆಣ್ಣಾಡುಗಳನ್ನು ನಾನು ಸಂತೆಯಲ್ಲಿ ಕೊಳ್ಳಲಿಲ್ಲ. ಒಳ್ಳೆಯ ಹಾಲಿನ, ಅವಳಿ ಈಯುವ ಆಡನ್ನು ಯಾರೂ ಸುಮ್ಮಸುಮ್ಮನೆ ಸಂತೆಗೆ ಹೊಡೆಯುವುದಿಲ್ಲ. ಹೊಡೆದರೆ ಮನೆಯಲ್ಲಿ ತುರ್ತು ಇರಬೇಕು, ಇಲ್ಲ ಆಡಿನಲ್ಲಿ ಐಬು ಇರಬೇಕು. ಮೇಲಾಗಿ ನೂರು ಊರಿನ ಹಿಂಡು ಒಂದೇ ಕಡೆ ಮೂಗಿಗೆ ಮೂಗು ತಾಗಿಸಿ ನಿಲ್ಲುವ ಜಾಗ ಅದು. ಸುತ್ತಲ ಊರುಗಳ ಗುರುತಿನ ಹೆಣ್ಣುಮಕ್ಕಳ ಹತ್ತಿರ ಎರಡೆರಡು, ಮೂರುಮೂರು ಕೂಡಿಸಿದೆ. ಶಾಶ್ವತ ಹಲ್ಲು ಎರಡೋ ನಾಲ್ಕೋ ಮೂಡಿದವು, ಒಂದು ಸೂಲು ಆದವು. ಬಾಯಿ ತೆರೆದು ಹಲ್ಲು ನೋಡುವುದು, ಕೆಳರೆಪ್ಪೆ ಬಿಡಿಸಿ ಕೆಂಪಿದೆಯೋ ಬಿಳಚಿದೆಯೋ ನೋಡುವುದು, ಕೆಚ್ಚಲಲ್ಲಿ ಗಂಟಿದೆಯಾ ಅಂತ ಹಿಚುಕಿ ನೋಡುವುದು, ನಾಲ್ಕು ಹೆಜ್ಜೆ ನಡೆಸುವುದು. ರೆಪ್ಪೆ ಬಿಳಚಿದ್ದರೆ ಹೊಟ್ಟೆಯಲ್ಲಿ ರಕ್ತ ಹೀರುವ ಜಂತು ತುಂಬಿದೆ ಅಂತ ಅರ್ಥ. ಹೋತವನ್ನು ಮಾತ್ರ ದೂರದ ಹಿಂಡಿನಿಂದ ತಂದೆ, ಅವಳಿಯಾಗಿ ಹುಟ್ಟಿದ್ದನ್ನೇ ಕೇಳಿ. ಎರಡು ವರ್ಷಕ್ಕೊಮ್ಮೆ ಅದನ್ನು ಬೇರೆಯವರ ಹೋತದ ಜೊತೆ ಅದಲು ಬದಲು ಮಾಡುತ್ತೇವೆ, ಇಲ್ಲದಿದ್ದರೆ ತನ್ನ ಮಗಳನ್ನೇ ಹಾರುತ್ತದೆ.

ಬಂದ ಆಡುಗಳನ್ನು ಮೂರು ವಾರ ಊರೊಳಗಿನ ಹಳೆಯ ಕೊಟ್ಟಿಗೆಯಲ್ಲಿ ಬೇರೆ ಇಟ್ಟೆ. ಅತ್ತೆ 'ಆಡೇನು ಬಾಣಂತಿ ಏನ?' ಅಂತ ನಕ್ಕರು. ಆಡಿನ ಪ್ಲೇಗ್ ಅನ್ನುವ ಪಿಪಿಆರ್ ರೋಗ ಬಂದ ಹಿಂಡನ್ನು ಒಮ್ಮೆ ನೋಡಿದವರು ನಗುವುದಿಲ್ಲ. ಜ್ವರ, ಕಣ್ಣು ಮೂಗಿನಲ್ಲಿ ಕೀವಿನಂಥ ಸೋರಿಕೆ, ಬಾಯಲ್ಲಿ ಹುಣ್ಣು, ಆಮೇಲೆ ಭೇದಿ. ವಾರದೊಳಗೆ ಅರ್ಧ ಹಿಂಡು ನೆಲ ಹಿಡಿಯುತ್ತದೆ. ಇದಕ್ಕೆ ಲಸಿಕೆ ಪಶು ಆಸ್ಪತ್ರೆಯಲ್ಲೇ ಸಿಗುತ್ತದೆ, ಒಮ್ಮೆ ಹಾಕಿಸಿದರೆ ಸುಮಾರು ಮೂರು ವರ್ಷ ಕಾಯುತ್ತದೆ. ಮರಿಗೆ ಮೂರ್ನಾಲ್ಕು ತಿಂಗಳಾದಾಗ ಹಾಕಿಸುತ್ತೇನೆ. ಕರುಳು ಬೇನೆಯ ಲಸಿಕೆ ಪ್ರತಿ ವರ್ಷ ಮೇ ತಿಂಗಳಲ್ಲಿ, ಮೊದಲ ಮಳೆಗಿಂತ ಮುಂಚೆ. ನಾಲ್ಕು ತಿಂಗಳು ಹೊಟ್ಟು ತಿಂದ ಹೊಟ್ಟೆಗೆ ಏಕಾಏಕಿ ಎಳೆ ಹುಲ್ಲು ಬಿದ್ದಾಗಲೇ ಆ ಬೇನೆ ಎಗರುವುದು, ರಾತ್ರಿ ಚೆನ್ನಾಗಿದ್ದ ಮರಿ ಬೆಳಿಗ್ಗೆ ಸತ್ತಿರುತ್ತದೆ. ಜಂತಿನ ಔಷಧ ಮಳೆಗೆ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ. ಗಬ್ಬದ ಶುರುವಿನ ದಿನಗಳಲ್ಲಿ ಅಲ್ಬೆಂಡಜೋಲ್ ಕೊಡಬಾರದು, ವೈದ್ಯರನ್ನು ಕೇಳಿ ಬೇರೆ ಔಷಧ ತರಬೇಕು. ಏನಾದರೂ ಆದರೆ ಕೈಮದ್ದಿನಲ್ಲಿ ಹೊತ್ತು ಕಳೆಯದೆ ಪಶು ಸಹಾಯವಾಣಿ 1962ಕ್ಕೆ ಫೋನ್ ಹಚ್ಚುವುದು ನಮ್ಮ ಮನೆಯ ರೂಢಿ.

ನಮ್ಮ ಸೀಮೆಗೇ ಸೇರಿದ ಅಪಾಯ ಎರಡು. ಒಂದು, ಜೋಳದ ಕೂಳೆ ಚಿಗುರು. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳ, ಕೊಯ್ದ ಮೇಲೆ ಕೂಳೆಯಲ್ಲಿ ಒಡೆಯುವ ಚಿಗುರು ಎರಡರಲ್ಲೂ ಸಯನೈಡ್ ವಿಷ ಇರುತ್ತದೆ. ಇನ್ನೊಂದು, ರಾಶಿಯ ಕಾಲದಲ್ಲಿ ಹಗ್ಗ ಬಿಚ್ಚಿಕೊಂಡ ಆಡು ಜೋಳದ ರಾಶಿಗೆ ಬಾಯಿ ಹಾಕುವುದು. ಹೊಟ್ಟೆ ತುಂಬ ಕಾಳು ತಿಂದರೆ ಹುಳಿಯೆದ್ದು ಎರಡೇ ದಿನದಲ್ಲಿ ಮುಗಿಯಿತು. ರಾಶಿ ಮುಗಿಯುವ ತನಕ ನಮ್ಮ ದೊಡ್ಡಿಯ ಬಾಗಿಲಿಗೆ ಎರಡು ಚಿಲಕ.

ಈಗ ಮುಖ್ಯ ಮಾತಿಗೆ ಬರುತ್ತೇನೆ. ಎರಡು ವರ್ಷಕ್ಕೆ ಮೂರು ಸೂಲು ತೆಗೆಯಬಹುದು ಅಂತ ಎಲ್ಲರೂ ಹೇಳುತ್ತಾರೆ, ಲೆಕ್ಕವೂ ಸರಿ. ಐದು ತಿಂಗಳ ಗಬ್ಬ, ಮೂರು ತಿಂಗಳ ಹಾಲು. ನಾನು ವರ್ಷಕ್ಕೆ ಒಂದೇ ಸೂಲು ತೆಗೆಯುತ್ತೇನೆ. ವರ್ಷವಿಡೀ ಹೋತವನ್ನು ಬೇರೆ ಕಟ್ಟಿ, ಜುಲೈನಲ್ಲಿ ಮಾತ್ರ ಬಿಡುತ್ತೇನೆ. ಅದಕ್ಕೂ ಎರಡು ವಾರ ಮುಂಚಿನಿಂದ ಹೆಣ್ಣಾಡಿಗೆ ದಿನಾ ಕಾಲು ಕಿಲೋ ನುಚ್ಚು, ಹಿಂಡಿ. ಡಿಸೆಂಬರಿಗೆ ಈಯುತ್ತವೆ. ಆಗ ಹೊಲದಲ್ಲಿ ಹಸಿರಿರುತ್ತದೆ, ಹಿಂದೆಯೇ ಹೊಸ ಹೊಟ್ಟು ಬರುತ್ತದೆ, ತಾಯಿಗೆ ಹಾಲು ಇಳಿಯುತ್ತದೆ. ಮಾರ್ಚ್‌ಗೆ ಮರಿ ಹಾಲು ಬಿಡಿಸಿದರೆ ತಾಯಿಗೆ ಅತಿ ಕಡಿಮೆ ಮೇವು ಸಾಕಾಗುವ ಕಾಲವೂ, ಮೇವು ಅತಿ ಕಡಿಮೆ ಇರುವ ಕಾಲವೂ ಒಂದಕ್ಕೊಂದು ಕೂಡಿಬಿಡುತ್ತವೆ. ಮೂರನೇ ಸೂಲಿನ ಆಸೆಗೆ ಬಿದ್ದರೆ ಯಾವುದಾದರೂ ಒಂದು ಸೂಲು ಏಪ್ರಿಲ್ ಮೇ ಬಿಸಿಲಿಗೆ ಇಲ್ಲವೆ ಜಿಟಿಜಿಟಿ ಮಳೆಗೆ ಸಿಗುತ್ತದೆ. ಆಗ ಹುಟ್ಟಿದ ಮರಿ ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಡಿಸೆಂಬರಿನ ಚಳಿಗೆ ಗೋಣಿ ತಟ್ಟಿನ ಪರದೆ ಬೇಕೇ ಬೇಕು. ಮರಿ ಬಿದ್ದ ತಾಸಿನೊಳಗೆ ಗಿಣ್ಣದ ಹಾಲು ಹೊಟ್ಟೆ ಸೇರಬೇಕು, ಮಾಸು ಬೀಳಲಿ ಅಂತ ಕಾಯಬಾರದು. ನಮ್ಮತ್ತೆಯ ಜೊತೆ ನಾನು ಗಟ್ಟಿಯಾಗಿ ವಾದ ಮಾಡಿದ್ದು ಇದೊಂದಕ್ಕೇ. ಹೊಕ್ಕುಳಿಗೆ ಟಿಂಕ್ಚರ್ ಅಯೋಡಿನ್. ಮೂರ್ನಾಲ್ಕು ವಾರದ ಮರಿ ರಕ್ತ ಬೆರೆತು ಉಚ್ಚಿಕೊಂಡರೆ ಮೊದಲು ಒದ್ದೆ ನೆಲ ಒಣಗಿಸಬೇಕು, ಔಷಧ ಅದರ ಜೊತೆಗೆ. ಇಪ್ಪತ್ತು ಆಡಿಗೆ ಮೂವತ್ತು ಮರಿ ಉಳಿದರೆ ಆ ವರ್ಷ ಚೆನ್ನಾಗಿದೆ ಅಂತ ನನ್ನ ಲೆಕ್ಕ. ಅದರಲ್ಲಿ ನಾಲ್ಕೈದು ಒಳ್ಳೆಯ ಹೆಣ್ಣುಮರಿ ಹಿಂಡಿಗೇ ಉಳಿಯುತ್ತವೆ.

ಮಾರುವುದಕ್ಕೆ ಮೂರು ಕಾಲ. ಹೊಟ್ಟಿನ ಬಣವೆ ನೋಡಿ ಎಷ್ಟು ಗಂಡುಮರಿ ಬೇಸಿಗೆ ದಾಟಿಸಲು ಆಗುವುದಿಲ್ಲವೋ ಅಷ್ಟನ್ನು ಯುಗಾದಿಯ ಮರುದಿನ, ಬಾಡೂಟದ ಕರಿಗೆ ಕೊಟ್ಟುಬಿಡುತ್ತೇನೆ. ಎಳೆಯವು, ದುಡ್ಡು ಕಡಿಮೆ, ಆದರೆ ಮೇವು ಉಳಿಯಿತು. ಉಳಿದವು ದಸರೆ ಹೊತ್ತಿಗೆ ಹತ್ತು ತಿಂಗಳಿನವಾಗುತ್ತವೆ. ಅಂಗ ಊನವಿಲ್ಲದ, ಕೊಂಬು ಮುರಿಯದ ಎರಡು ಮೂರು ಚೆಲುವ ಹೋತಗಳು ಮರುವರ್ಷದ ಬಕ್ರೀದಿಗೆ ನಿಲ್ಲುತ್ತವೆ. ಅದಕ್ಕೆ ವರ್ಷ ತುಂಬಿರಬೇಕು, ಗಿರಾಕಿ ಬಾಯಿ ತೆರೆದು ಎರಡು ಹಲ್ಲು ನೋಡಿಯೇ ದುಡ್ಡು ಬಿಚ್ಚುವುದು. ಬಕ್ರೀದ್ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ: 2024ರಲ್ಲಿ ಜೂನ್ 17, 2025ರಲ್ಲಿ ಜೂನ್ 7. ಸದ್ಯ ಡಿಸೆಂಬರಿನ ಮರಿಗೆ ಅದು ಚೆನ್ನಾಗಿ ಹೊಂದುತ್ತದೆ. ಶ್ರಾವಣದಲ್ಲಿ ಮಾತ್ರ ಮಾರಲು ಹೋಗಬೇಡಿ, ಕೇಳುವವರೇ ಇರುವುದಿಲ್ಲ.

ಗಂಡುಮರಿ ಮಾರಲು ಅಮೀನಗಡ, ಕೆರೂರ ಸಂತೆ ಎರಡೂ ನೋಡಿದ್ದೇವೆ. ಟವೆಲ್ಲಿನ ಕೆಳಗೆ ಬೆರಳು ಹಿಡಿದು ದಲಾಲರು ಮಾಡುವ ವ್ಯಾಪಾರದಲ್ಲಿ ಆಡಿನ ಯಜಮಾನಿಗೆ ಕೈಯೇ ಇಲ್ಲ. ಈಗ ದೊಡ್ಡಿಯಲ್ಲೇ ತೂಗು ತಕ್ಕಡಿ ಇಟ್ಟಿದ್ದೇನೆ. ಆಡಿನ ಜೀವಂತ ತೂಕದಲ್ಲಿ ಮಾಂಸ ಇಳಿಯುವುದು ಅರ್ಧಕ್ಕಿಂತ ತುಸು ಕಡಿಮೆ. 20 ಕಿಲೋ ಮರಿಯಲ್ಲಿ 9 ಕಿಲೋ ಅಂತ ಹಿಡಿದು, ಊರಿನ ಮಾಂಸದ ದರದಿಂದ ಗುಣಿಸಿ, ಕಟುಕರ ಲಾಭ ಕಳೆದರೆ ನಾನು ಎಲ್ಲಿಗೆ ನಿಲ್ಲಬೇಕು ಅನ್ನುವುದು ಗೊತ್ತಾಗುತ್ತದೆ. ಬೆಲೆ ಕುದುರದಿದ್ದರೆ ಆಡು ಸಂತೆಯಿಂದ ಮನೆಗೆ ವಾಪಸ್ ನಡೆಯುವ ಕಷ್ಟ ಇಲ್ಲ, ಅಮೀನಗಡದ ಕರದಂಟು ತಪ್ಪಿತು ಅನ್ನುವ ದುಃಖ ಮಕ್ಕಳಿಗೆ ಮಾತ್ರ.

ಹಿಕ್ಕೆಯನ್ನು ಮೊದಮೊದಲು ನಮ್ಮ ಹೊಲಕ್ಕೇ ಚೆಲ್ಲುತ್ತಿದ್ದೆವು. ದಾಳಿಂಬೆ ತೋಟದವರು ಟ್ರೇಲರ್ ತಂದು ಕೇಳತೊಡಗಿದ ಮೇಲೆ ಅರ್ಧ ಮಾರುತ್ತೇವೆ. ಆ ದುಡ್ಡು ಮನೆ ಖರ್ಚಿಗೆ ಹೋಗುವುದಿಲ್ಲ, ಫೆಬ್ರುವರಿಯ ಹೊಟ್ಟಿನ ಖರೀದಿಗೇ ಬೇರೆ ಡಬ್ಬಿಯಲ್ಲಿ ಕೂಡುತ್ತದೆ. ಈ ಸಲ ಬದುವಿನ ಅಗಸೆ ಚೆನ್ನಾಗಿ ಎದ್ದಿದೆ, ಬೋರೂ ಏಪ್ರಿಲ್‌ವರೆಗೆ ಎಳೆಯಿತು. ಬಣವೆ ಅಳೆದು ನೋಡಿದರೆ ಇನ್ನೂ ನಾಲ್ಕು ಹೆಣ್ಣಾಡಿಗೆ ಸಾಲುವಷ್ಟಿದೆ. ಮನೆಯಲ್ಲೇ ಹುಟ್ಟಿದ ನಾಲ್ಕನ್ನು ಉಳಿಸಿಕೊಂಡಿದ್ದೇನೆ. ಮೈದುನನಿಗೆ ಅದು ಸಾಲದು.