ದನಿ ಒಡೆದ ಮೇಲೆ

ನಾನು ರೇಡಿಯೊಗೆ ಹೋದದ್ದು ಯಕ್ಷಗಾನದ ದಾರಿಯಲ್ಲಿ. ನಮ್ಮದು ಯಕ್ಷಗಾನ ಕವಿ ಪಾರ್ತಿಸುಬ್ಬನ ಊರು, ಕಾಸರಗೋಡಿನ ಕುಂಬಳೆ ಸೀಮೆ. ಆಟದ, ಅಂದರೆ ಯಕ್ಷಗಾನದ, ಹುಚ್ಚಿರುವ ಮನೆಯ ಮಕ್ಕಳು ಒಮ್ಮೆಯಾದರೂ ಕತೆ ಶುರುವಾಗುವ ಮೊದಲು ಕುಣಿಯುವ ಬಾಲಗೋಪಾಲ ವೇಷ ಹಾಕಿಯೇ ಹಾಕುತ್ತಾರೆ. ಹಾಗೆ ಕುಣಿಯುತ್ತಿದ್ದ ನನ್ನನ್ನು ಶಾಲೆಯ ಮಾಷ್ಟ್ರು ಮಂಗಳೂರು ಆಕಾಶವಾಣಿಗೆ ಕರೆದುಕೊಂಡು ಹೋದರು. 1976ರಲ್ಲಿ ಶುರುವಾದ ನಿಲಯ ಅದು. ನಾವು ಕೇರಳದಲ್ಲಿದ್ದರೂ ಮನೆಯ ರೇಡಿಯೊ ಮುಳ್ಳು ನಿಲ್ಲುತ್ತಿದ್ದದ್ದು ಅಲ್ಲೇ. ರೈಲಿನಲ್ಲಿ ಹೋಗಿ ಕದ್ರಿ ಗುಡ್ಡೆ ಹತ್ತಿದರೆ ಆಯ್ತು.

ಆಟಕ್ಕೆ ಏರು ದನಿ ಬೇಕು. ಸ್ಟುಡಿಯೊದಲ್ಲಿ ಅದೇ ತೊಂದರೆ. "ಮಾಣಿ, ಮೈಕಿಗೆ ಕಿವಿ ಚೆನ್ನಾಗಿದೆ, ಮೆಲ್ಲ ಹೇಳು" ಎಂದರು ನಾಟಕ ಮಾಡಿಸುತ್ತಿದ್ದವರು. ನನಗೆ ಎತ್ತರ ಸಾಲದೆ ಒಂದು ಮಣೆ ಇಟ್ಟಿದ್ದರು. ಸ್ಕ್ರಿಪ್ಟಿಗೆ ಪಿನ್ ಹೊಡೆಯುವಂತಿಲ್ಲ, ಪುಟ ಮಗುಚಿದ ಸದ್ದು ಕೇಳುತ್ತದೆ. ಓದಿ ಮುಗಿದ ಹಾಳೆಯನ್ನು ಸದ್ದಿಲ್ಲದೆ ಪಕ್ಕಕ್ಕೆ ಜಾರಿಸಬೇಕು. 'ಪ', 'ಬ' ಬಂದಾಗ ಉಸಿರು ಮೈಕಿಗೆ ಬಡಿಯದಂತೆ ಮುಖ ಒಂಚೂರು ವಾರೆ ಮಾಡಬೇಕು. ದೂರದಿಂದ ಕೂಗಿದಂತೆ ಕೇಳಬೇಕಾದರೆ ದನಿ ಏರಿಸಿದರೆ ಸಾಲದು, ನಾಲ್ಕು ಹೆಜ್ಜೆ ಹಿಂದೆ ಹೋಗಬೇಕು. ಅಳುವುದೆಲ್ಲ ಉಸಿರಿನ ಲೆಕ್ಕ. ಕಣ್ಣೀರು ಯಾರಿಗೆ ಕಾಣುತ್ತದೆ? ಇವತ್ತಿಗೂ ನನ್ನ ಹೊಟ್ಟೆಪಾಡು ನಡೆಯುತ್ತಿರುವುದು ಆಗ ಕಲಿತದ್ದರಲ್ಲೇ.

ರೇಡಿಯೊ ಕೇಳಿದವರೊಬ್ಬರು ಸಿನಿಮಾಕ್ಕೆ ಕರೆದರು. ಪಾತ್ರ ಸಣ್ಣದು. ಚಿತ್ರೀಕರಣ ಬೇಸಿಗೆ ರಜೆಯಲ್ಲಿ ಮುಗಿಯಿತು, ಡಬ್ಬಿಂಗ್ ಮಾತ್ರ ದುಡ್ಡಿಲ್ಲ ಅಂತ ಮುಂದಕ್ಕೆ ಹೋಗುತ್ತಾ ಹೋಯಿತು. ಕೊನೆಗೆ ಕರೆ ಬಂದಾಗ ನನ್ನ ದನಿ ಒಡೆದಿತ್ತು. ತೆರೆಯ ಮೇಲೆ ಹುಡುಗ ಬಾಯಿ ತೆರೆಯುತ್ತಾನೆ, ನನ್ನ ಗಂಟಲಿಂದ ಗೊಗ್ಗರು ಗಂಡಸು ಬರುತ್ತಾನೆ. ಡಬ್ಬಿಂಗ್ ಕಲಾವಿದೆ ಒಬ್ಬರು ಬಂದು ಒಂದೇ ಮಧ್ಯಾಹ್ನದಲ್ಲಿ ನನ್ನ ಮಾತೆಲ್ಲ ಹೇಳಿ ಹೋದರು. ನಾನು ಗಾಜಿನ ಆಚೆ ಕೂತು ನೋಡಿದೆ. ನಾನು ಉಸಿರು ತಗೊಂಡ ಜಾಗದಲ್ಲೇ ಅವರೂ ತಗೊಳ್ಳುತ್ತಿದ್ದರು! ಹೊಟ್ಟೆಕಿಚ್ಚೂ ಆಯಿತು, ಇದನ್ನು ಕಲಿಯಬೇಕು ಅಂತಲೂ ಅನ್ನಿಸಿತು.

ಆಮೇಲೆ ಓದು, ಕೆಲಸ. ದೊಡ್ಡವನಾಗಿ ಮತ್ತೆ ಧ್ವನಿಪರೀಕ್ಷೆ ಕೊಟ್ಟು ಆಕಾಶವಾಣಿಯ ನಾಟಕ ಕಲಾವಿದನಾದೆ, 'ಬಿ' ದರ್ಜೆಯಿಂದ. ಬಾಲನಟ ಅಂತ ರಿಯಾಯಿತಿ ಏನೂ ಇಲ್ಲ. ಇರಲೂಬಾರದು.

ಡಬ್ಬಿಂಗ್ ಕೆಲಸ ಸಿಕ್ಕಿದ್ದು ತಡವಾಗಿ. ಬೇರೆ ಭಾಷೆಯ ಸಿನಿಮಾ ಕನ್ನಡಕ್ಕೆ ಡಬ್ ಮಾಡಲು ನಮ್ಮ ಚಿತ್ರರಂಗ ದಶಕಗಳ ಕಾಲ ಬಿಡುತ್ತಿರಲಿಲ್ಲ. 2015ರಲ್ಲಿ ವ್ಯಾಪಾರದ ಪೈಪೋಟಿಗೆ ಅಡ್ಡಿಯಾಗದಂತೆ ನೋಡಿಕೊಳ್ಳುವ ಭಾರತೀಯ ಸ್ಪರ್ಧಾ ಆಯೋಗ ಆ ತಡೆ ತಪ್ಪು ಎಂದ ಮೇಲೆ ಬಾಗಿಲು ತೆರೆಯಿತು. ಕಾಸರಗೋಡಿನವನಿಗೆ ಮಲಯಾಳಂ ಬಸ್ಸಿನಲ್ಲೇ ಬರುತ್ತದಲ್ವಾ? ಅದರಿಂದ ಮಾತು ಬರೆಯುವ ಕೆಲಸವೂ ಸಿಕ್ಕಿತು. ಅಲ್ಲಿ ಅರ್ಥಕ್ಕಿಂತ ತುಟಿ ಮುಖ್ಯ. ಅವರ ನಟ 'ಪೋ' ಎಂದಾಗ ತುಟಿ ಮುಚ್ಚಿ ತೆರೆಯುತ್ತದೆ. 'ಹೋಗು' ಅಲ್ಲಿ ಕೂರುವುದಿಲ್ಲ. 'ಮೊದ್ಲು ಹೋಗು' ಎಂದರೆ ಕೂರುತ್ತದೆ, ಸ್ವಲ್ಪ ಬೇಗ ಹೇಳಬೇಕು ಅಷ್ಟೇ.

ಮಕ್ಕಳನ್ನು ಶೂಟಿಂಗಿಗೆ ಕಳಿಸುವ ಅಪ್ಪ ಅಮ್ಮಂದಿರು ಈಗ ನನ್ನನ್ನು ಕೇಳುತ್ತಾರೆ. ಹುಡುಗ ಹನ್ನೆರಡು ದಾಟಿದ್ದರೆ ಡಬ್ಬಿಂಗ್ ಯಾವಾಗ ಅಂತ ಮೊದಲೇ ಕೇಳಿಕೊಳ್ಳಿ ಅನ್ನುತ್ತೇನೆ. 2017ರ ಬಾಲಕಾರ್ಮಿಕ ನಿಯಮದ ಪ್ರಕಾರ ಮಗು ದಿನಕ್ಕೆ 5 ಗಂಟೆಗಿಂತ ಜಾಸ್ತಿ ಕೆಲಸ ಮಾಡುವಂತಿಲ್ಲ. ಬಿಡುವಿಲ್ಲದೆ 3 ಗಂಟೆ ದಾಟುವಂತಿಲ್ಲ. ಸಂಪಾದನೆಯಲ್ಲಿ ಕನಿಷ್ಠ 20 ಶೇಕಡಾ ಮಗುವಿನ ಹೆಸರಲ್ಲೇ ಬ್ಯಾಂಕಿನಲ್ಲಿ ಠೇವಣಿ ಇಡಬೇಕು. ಆ ರಸೀದಿಯನ್ನು ಕೇಳಿ ತಗೊಳ್ಳಿ. ಕೇಳದೆ ಕೊಟ್ಟವರನ್ನು ನಾನಂತೂ ಕಂಡಿಲ್ಲ.